ಮಣ್ಣಿನಿಂದ ಮಾತ್ರೆಯವರೆಗೆ: ಆಂಟಿಬಯೋಟಿಕ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೂಕ್ಷ್ಮಜೀವಶಾಸ್ತ್ರ ಕಲಿಸುವ ನನ್ನನ್ನು ವಿದ್ಯಾರ್ಥಿಗಳೂ ಅವರ ತಂದೆತಾಯಂದಿರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಯಾವ ಕಾಯಿಲೆಗೆ ಯಾವ ಮಾತ್ರೆ, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ಈ ಔಷಧಗಳು ಎಲ್ಲಿಂದ ಬಂದವು, ಅವುಗಳನ್ನು ಹೇಗೆ ತಯಾರಿಸುತ್ತಾರೆ, ದೇಹದೊಳಗೆ ಏನು ಮಾಡುತ್ತವೆ ಎಂಬುದಷ್ಟೇ ಇಲ್ಲಿನ ವಿಷಯ.

ಆಂಟಿಬಯೋಟಿಕ್ ಎಂದು ಯಾವುದನ್ನು ಕರೆಯಬೇಕು?

ಒಂದು ಸೂಕ್ಷ್ಮಜೀವಿ ತಯಾರಿಸುವ, ಅತ್ಯಲ್ಪ ಪ್ರಮಾಣದಲ್ಲಿದ್ದರೂ ಇನ್ನೊಂದು ಸೂಕ್ಷ್ಮಜೀವಿಯ ಬೆಳವಣಿಗೆಯನ್ನು ತಡೆಯುವ ಅಥವಾ ಅದನ್ನು ಕೊಲ್ಲುವ ರಾಸಾಯನಿಕವೇ ಆಂಟಿಬಯೋಟಿಕ್. 1940ರ ದಶಕದಲ್ಲಿ ಸೆಲ್ಮನ್ ವಾಕ್ಸ್‌ಮನ್ ಈ ಪದವನ್ನು ಬಳಕೆಗೆ ತಂದದ್ದು ಈ ಅರ್ಥದಲ್ಲಿಯೇ. ಹಾಗೆ ನೋಡಿದರೆ, 1930ರ ದಶಕದಲ್ಲಿ ಜರ್ಮನಿಯ ಗೆರ್‌ಹಾರ್ಡ್ ಡೊಮಾಕ್ ಬಣ್ಣದ ರಾಸಾಯನಿಕಗಳನ್ನು ಪರೀಕ್ಷಿಸುತ್ತಾ ಕಂಡುಕೊಂಡ ಸಲ್ಫಾ ಔಷಧಗಳು ಈ ಗುಂಪಿಗೆ ಸೇರುವುದಿಲ್ಲ. ಈಗ ಎಲ್ಲೆಡೆ ಬಳಸುವ ಸಿಪ್ರೊಫ್ಲಾಕ್ಸಸಿನ್ ಕೂಡ ಸೇರುವುದಿಲ್ಲ. ಎರಡೂ ಪ್ರಯೋಗಾಲಯದಲ್ಲೇ ಹುಟ್ಟಿದವು. ವ್ಯವಹಾರದಲ್ಲಿ ಮಾತ್ರ ಬ್ಯಾಕ್ಟೀರಿಯಾ ಕೊಲ್ಲುವ ಎಲ್ಲ ಔಷಧಗಳಿಗೂ ಈಗ ಇದೇ ಹೆಸರು ನಡೆಯುತ್ತದೆ.

ಅರಿಶಿನ, ಬೆಳ್ಳುಳ್ಳಿ, ಜೇನುತುಪ್ಪ ನೈಸರ್ಗಿಕ ಆಂಟಿಬಯೋಟಿಕ್‌ಗಳಲ್ಲವೇ?

ಬೆಳ್ಳುಳ್ಳಿಯನ್ನು ಜಜ್ಜಿದಾಗ ಹುಟ್ಟುವ ಅಲಿಸಿನ್ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ನಿಜವಾಗಿಯೂ ಕೊಲ್ಲುತ್ತದೆ. ಆದರೆ ಅದು ತಿಂದ ಮೇಲೆ ಬೇಗ ಒಡೆದುಹೋಗುವ ವಸ್ತು. ನ್ಯುಮೋನಿಯಾ ಆದ ಶ್ವಾಸಕೋಶಕ್ಕೆ ಬೇಕಾದಷ್ಟು ಪ್ರಮಾಣದಲ್ಲಿ ಅದು ರಕ್ತವನ್ನು ಸೇರುವುದಿಲ್ಲ. ಅರಿಶಿನದ ಕರ್ಕ್ಯುಮಿನ್ ಕರುಳಿನಿಂದ ಬಹಳ ಕಡಿಮೆ ಹೀರಲ್ಪಡುತ್ತದೆ. ಜೇನುತುಪ್ಪದ ವಿಷಯ ಸ್ವಲ್ಪ ಬೇರೆ. ಗಾಯಕ್ಕೆ ಹಚ್ಚಲೆಂದೇ ಶುದ್ಧೀಕರಿಸಿದ ಜೇನನ್ನು ಆಸ್ಪತ್ರೆಗಳಲ್ಲೂ ಬಳಸುತ್ತಾರೆ. ಅಡುಗೆಮನೆಯ ಈ ಪದಾರ್ಥಗಳ ಮೇಲೆ ನನಗೆ ಗೌರವವಿದೆ. ಆದರೆ ಟೈಫಾಯ್ಡ್ ಬಂದ ಮಗುವಿಗೆ ಕಷಾಯ ಕುಡಿಸುತ್ತಾ ದಿನ ಕಳೆಯುವುದು ಅಪಾಯ. ಆಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಟೈಫಾಯ್ಡ್ ಎಷ್ಟೋ ಮನೆಗಳ ಮಕ್ಕಳನ್ನು ಕೊಂದಿತು. ಆ ಮನೆಗಳಲ್ಲೂ ಅರಿಶಿನ, ಬೆಳ್ಳುಳ್ಳಿ ಇದ್ದವು.

ಹಾಗಾದರೆ ಪ್ರಕೃತಿಯಲ್ಲಿ ಇವು ಎಲ್ಲಿ ಸಿಗುತ್ತವೆ?

ಮುಖ್ಯವಾಗಿ ಮಣ್ಣಿನಲ್ಲಿ. ಪೆನಿಸಿಲಿಯಂ ಎಂಬ ಬೂಷ್ಟಿನ ಹೆಸರು ಎಲ್ಲರಿಗೂ ಗೊತ್ತು. ಆದರೆ ಅತಿ ಹೆಚ್ಚು ಆಂಟಿಬಯೋಟಿಕ್‌ಗಳನ್ನು ಕೊಟ್ಟದ್ದು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಕುಲ. ಬ್ಯಾಕ್ಟೀರಿಯಾವೇ ಆದರೂ ಇವು ಶಿಲೀಂಧ್ರಗಳಂತೆ ಎಳೆ ಎಳೆಯಾಗಿ ಹರಡಿ ಬೀಜಾಣುಗಳನ್ನು ಬಿಡುತ್ತವೆ. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಂಫೆನಿಕಾಲ್, ಇವೆಲ್ಲ ಈ ಕುಲದ ಕೊಡುಗೆಗಳು. ಎರಿಥ್ರೊಮೈಸಿನ್, ವ್ಯಾಂಕೊಮೈಸಿನ್, ರಿಫಾಂಪಿಸಿನ್‌ಗಳ ಮೂಲವೂ ಇದರ ಹತ್ತಿರದ ಬಂಧುಗಳೇ.

ಎರಡನೇ ಮಹಾಯುದ್ಧದ ನಂತರ ಔಷಧ ಕಂಪನಿಗಳು ಲೋಕದ ಮೂಲೆಮೂಲೆಯಿಂದ ಮಣ್ಣು ತರಿಸಿಕೊಂಡವು. ಟೈಫಾಯ್ಡಿಗೆ ರಾಮಬಾಣವಾಗಿದ್ದ ಕ್ಲೋರಂಫೆನಿಕಾಲ್ ವೆನೆಜುವೆಲಾದ ಕರಾಕಸ್ ಬಳಿಯ ಮಣ್ಣಿನಿಂದ ಬಂತು. ಎರಿಥ್ರೊಮೈಸಿನ್ ಫಿಲಿಪ್ಪೀನ್ಸ್‌ನ ಇಲೊಯಿಲೊ ಪ್ರಾಂತ್ಯದಿಂದ, ವ್ಯಾಂಕೊಮೈಸಿನ್ ಬೋರ್ನಿಯೋದ ಕಾಡಿನಿಂದ, ರಿಫಾಂಪಿಸಿನ್‌ನ ಮೂಲವಸ್ತುವಾದ ರಿಫಾಮೈಸಿನ್ ಫ್ರಾನ್ಸಿನ ಮೆಡಿಟರೇನಿಯನ್ ಕರಾವಳಿಯ ಪೈನ್ ತೋಪಿನಿಂದ ಬಂದವು. ಸೆಫಲೊಸ್ಪೊರಿನ್‌ಗಳ ಕಥೆ ನನಗೆ ವಿಶೇಷವಾಗಿ ಇಷ್ಟ. ಇಟಲಿಯ ಸಾರ್ಡೀನಿಯಾ ದ್ವೀಪದ ಕಾಲ್ಯಾರಿ ನಗರದಲ್ಲಿ ಚರಂಡಿ ನೀರು ಸಮುದ್ರ ಸೇರುವ ಜಾಗದಲ್ಲಿ ಜೋಸೆಪ್ಪೆ ಬ್ರೋಟ್ಸು 1945ರಲ್ಲಿ ಒಂದು ಶಿಲೀಂಧ್ರವನ್ನು ಹಿಡಿದರು. ಅಷ್ಟು ಕೊಳಕು ನೀರು ತಾನಾಗಿ ಹೇಗೆ ಶುದ್ಧವಾಗುತ್ತದೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಇಂದು ಆಸ್ಪತ್ರೆಗಳಲ್ಲಿ ದಿನನಿತ್ಯ ಕೊಡುವ ಸೆಫ್‌ಟ್ರಯಾಕ್ಸೋನ್ ಚುಚ್ಚುಮದ್ದಿನ ವಂಶಾವಳಿ ಆ ಚರಂಡಿಯಿಂದಲೇ ಆರಂಭವಾಗುತ್ತದೆ.

ಮೊದಲ ಮಳೆಯ ಮಣ್ಣಿನ ವಾಸನೆಗೂ ಇವುಗಳಿಗೂ ಸಂಬಂಧವಿದೆಯಂತೆ, ನಿಜವೇ?

ನಿಜ. ಆ ವಾಸನೆಯಲ್ಲಿ ಮುಖ್ಯ ಪಾಲು ಜಿಯೋಸ್ಮಿನ್ ಎಂಬ ವಸ್ತುವಿನದು. ಅದನ್ನು ಹೆಚ್ಚಾಗಿ ತಯಾರಿಸುವುದು ಸ್ಟ್ರೆಪ್ಟೊಮೈಸಿಸ್. ಆದರೆ ಜಿಯೋಸ್ಮಿನ್ ಆಂಟಿಬಯೋಟಿಕ್ ಅಲ್ಲ.

ಈ ಜೀವಿಗಳು ಆಂಟಿಬಯೋಟಿಕ್ ತಯಾರಿಸುವುದೇಕೆ?

ನಮಗಾಗಿ ಅಲ್ಲ ಎಂಬುದಂತೂ ಖಚಿತ. ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಅದೇ ಕೊಳೆತ ಎಲೆಗಾಗಿ ಪೈಪೋಟಿ ನಡೆಸುತ್ತವೆ. ಆಹಾರ ಮುಗಿಯುತ್ತಾ ಬಂದಾಗ ಸ್ಟ್ರೆಪ್ಟೊಮೈಸಿಸ್ ತನ್ನ ಹಳೆಯ ಎಳೆಗಳನ್ನೇ ಕರಗಿಸಿ, ಆ ಸಾರದಿಂದ ಬೀಜಾಣುಗಳನ್ನು ಕಟ್ಟುತ್ತದೆ. ಆಂಟಿಬಯೋಟಿಕ್ ಹೊರಬೀಳುವುದು ಬಹುಮಟ್ಟಿಗೆ ಇದೇ ಹೊತ್ತಿಗೆ. ಕರಗಿದ ಸಾರಕ್ಕೆ ಸುತ್ತಲಿನವರು ಬಾಯಿ ಹಾಕದಂತೆ ಕಾಯುವ ಉಪಾಯ ಇದು ಎಂಬುದು ಬಹುಕಾಲದ ವಿವರಣೆ. ಅತಿ ಕಡಿಮೆ ಪ್ರಮಾಣದಲ್ಲಿ ಇದೇ ವಸ್ತುಗಳು ಸಂಕೇತಗಳಂತೆಯೂ ಕೆಲಸ ಮಾಡಬಹುದು ಎನ್ನುವ ವಿಜ್ಞಾನಿಗಳೂ ಇದ್ದಾರೆ. ಎರಡೂ ನಿಜವಿರಬಹುದೆಂದು ನನಗೆ ಅನಿಸುತ್ತದೆ.

ತಾನೇ ತಯಾರಿಸಿದ ವಿಷದಿಂದ ತಾನು ಸಾಯದಿರಲು ಈ ಜೀವಿ ತನ್ನಲ್ಲೇ ರಕ್ಷಣೆಯ ಜೀನ್‌ಗಳನ್ನೂ ಇಟ್ಟುಕೊಂಡಿರುತ್ತದೆ. ಔಷಧ ನಿರೋಧಕತೆಯ ಪ್ರಶ್ನೆ ಬಂದಾಗ ಈ ಮಾತು ನೆನಪಿರಲಿ.

ಪೆನಿಸಿಲಿನ್ ಸಿಕ್ಕಿದ್ದು ಬರೀ ಅದೃಷ್ಟದಿಂದಲ್ಲವೇ?

ಅದೃಷ್ಟವೂ ಇತ್ತು. 1928ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಬಂದಾಗ, ಸ್ಟಫೈಲೊಕಾಕಸ್ ಬೆಳೆಸಿದ್ದ ಒಂದು ತಟ್ಟೆಗೆ ಬೂಷ್ಟು ಹಿಡಿದಿತ್ತು; ಅದರ ಸುತ್ತಲಿನ ಬ್ಯಾಕ್ಟೀರಿಯಾ ಕರಗಿಹೋಗಿತ್ತು. ಕೆಳಗಿನ ಮಹಡಿಯಲ್ಲಿ ಲಾ ಟೂಷ್ ಎಂಬ ಶಿಲೀಂಧ್ರತಜ್ಞರು ಬೂಷ್ಟುಗಳನ್ನು ಬೆಳೆಸುತ್ತಿದ್ದರು. ಬೀಜಾಣು ಅಲ್ಲಿಂದ ಹಾರಿ ಬಂದಿರಬೇಕು.

ಹೆಚ್ಚಿನವರು ಗಮನಿಸದ ಸಂಗತಿ ಇನ್ನೊಂದಿದೆ. ಚೆನ್ನಾಗಿ ಬೆಳೆದು ನಿಂತ ಬ್ಯಾಕ್ಟೀರಿಯಾದ ಮೇಲೆ ಪೆನಿಸಿಲಿನ್ ಹೀಗೆ ಕೆಲಸ ಮಾಡುವುದಿಲ್ಲ. ಬೆಳೆಯುತ್ತಿರುವ ಜೀವಕೋಶಗಳನ್ನು ಮಾತ್ರ ಅದು ಕೊಲ್ಲುತ್ತದೆ. ಆದ್ದರಿಂದ ಆ ತಟ್ಟೆಯಲ್ಲಿ ಮೊದಲು ಬೂಷ್ಟು ಬೆಳೆದು, ಆಮೇಲೆ ಬ್ಯಾಕ್ಟೀರಿಯಾ ಬೆಳೆದಿರಬೇಕು. ಆ ಬೇಸಿಗೆಯಲ್ಲಿ ಲಂಡನ್ನಿನಲ್ಲಿ ಕೆಲವು ದಿನ ತಂಪು ಹವೆ ಇದ್ದುದರಿಂದ ಬೂಷ್ಟಿಗೆ ಮುನ್ನಡೆ ಸಿಕ್ಕಿತು ಎಂದು ಫ್ಲೆಮಿಂಗರ ಸಹೋದ್ಯೋಗಿಯಾಗಿದ್ದ ರೊನಾಲ್ಡ್ ಹೇರ್ ಮುಂದೆ ಪ್ರಯೋಗ ಮಾಡಿ ತೋರಿಸಿದರು.

ಆದರೆ ಅದೃಷ್ಟದಿಂದ ಸಿಕ್ಕಿದ್ದು ಒಂದು ತಟ್ಟೆ ಮಾತ್ರ, ಔಷಧವಲ್ಲ. ಫ್ಲೆಮಿಂಗ್ 1929ರಲ್ಲಿ ಪ್ರಬಂಧ ಪ್ರಕಟಿಸಿದರು; ಬೂಷ್ಟಿನ ರಸದಿಂದ ಆ ವಸ್ತುವನ್ನು ಶುದ್ಧವಾಗಿ ಬೇರ್ಪಡಿಸಲು ಅವರಿಂದ ಆಗಲಿಲ್ಲ. ಸುಮಾರು ಹತ್ತು ವರ್ಷ ಅದು ಹಾಗೆಯೇ ಉಳಿಯಿತು.

ಕೆಲಸ ಮುಂದುವರಿಸಿದ್ದು ಆಕ್ಸ್‌ಫರ್ಡಿನ ಹೋವರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್, ನಾರ್ಮನ್ ಹೀಟ್ಲಿ. 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ಸ್ಟ್ರೆಪ್ಟೊಕಾಕಸ್ ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಹೀಟ್ಲಿ ರಾತ್ರಿಯೆಲ್ಲ ಪ್ರಯೋಗಾಲಯದಲ್ಲೇ ಕಾದರು. ಬೆಳಗಿನ ಜಾವದ ಹೊತ್ತಿಗೆ ಔಷಧ ಸಿಗದ ನಾಲ್ಕೂ ಸತ್ತಿದ್ದವು, ಸಿಕ್ಕ ನಾಲ್ಕೂ ಬದುಕಿದ್ದವು. ಯುದ್ಧಕಾಲ ಬೇರೆ, ಜರ್ಮನ್ನರು ನುಗ್ಗಿದರೆ ಬೂಷ್ಟು ನಾಶವಾಗಬಾರದೆಂದು ಅವರು ತಮ್ಮ ಕೋಟುಗಳ ಒಳಬಟ್ಟೆಗೆ ಅದರ ಬೀಜಾಣುಗಳನ್ನು ಉಜ್ಜಿಕೊಂಡಿದ್ದರು.

1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಮೊದಲ ಚಿಕಿತ್ಸೆ. ಮುಖವೆಲ್ಲ ಕೀವು ತುಂಬಿ ಆತನ ಒಂದು ಕಣ್ಣನ್ನೇ ತೆಗೆದಿದ್ದರು. ಔಷಧ ಕೊಟ್ಟ ಒಂದೇ ದಿನದಲ್ಲಿ ಗುಣ ಕಾಣಿಸಿತು, ಜ್ವರ ಇಳಿಯಿತು, ಊಟ ಸೇರತೊಡಗಿತು. ಇದ್ದ ಔಷಧ ಮುಗಿಯುತ್ತಾ ಬಂದಾಗ ಆತನ ಮೂತ್ರದಿಂದಲೇ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಕೊಟ್ಟರು. ಸಾಲದೇ ಹೋಯಿತು. ಸೋಂಕು ಮರುಕಳಿಸಿ ಮಾರ್ಚ್ 15ರಂದು ಆತ ತೀರಿಕೊಂಡ. ಈ ಭಾಗವನ್ನು ಪಾಠ ಮಾಡುವಾಗ ಪ್ರತಿ ಸಲವೂ ನನ್ನ ಮನಸ್ಸು ಭಾರವಾಗುತ್ತದೆ: ಔಷಧ ಗೊತ್ತಿತ್ತು, ಫಲವೂ ಗೊತ್ತಾಗಿತ್ತು, ಸಾಕಷ್ಟು ತಯಾರಿಸುವ ವಿದ್ಯೆ ಮಾತ್ರ ಇರಲಿಲ್ಲ. ಪೆನಿಸಿಲಿನ್ ಕಥೆಯಲ್ಲಿ ಅತಿ ದೊಡ್ಡ ಸಾಹಸ ತಯಾರಿಕೆಯದೇ ಎಂದು ನಾನು ಹೇಳುವುದು ಇದಕ್ಕಾಗಿ.

ತಯಾರಿಕೆ ಅಷ್ಟು ಕಷ್ಟವಾಗಿದ್ದೇಕೆ? ಹೇಗೆ ಸಾಧ್ಯವಾಯಿತು?

ಫ್ಲೆಮಿಂಗರ ಬೂಷ್ಟು ದ್ರವದ ಮೇಲ್ಭಾಗದಲ್ಲಿ ಮಾತ್ರ ಕೆನೆಯಂತೆ ಬೆಳೆಯುತ್ತಿತ್ತು. ಒಂದು ಮಿಲಿಲೀಟರಿಗೆ ಒಂದೆರಡು ಯೂನಿಟ್ ಪೆನಿಸಿಲಿನ್ ಸಿಕ್ಕರೆ ಹೆಚ್ಚು. ಒಂದು ಯೂನಿಟ್ ಎಂದರೆ 0.6 ಮೈಕ್ರೋಗ್ರಾಂ. ಆಕ್ಸ್‌ಫರ್ಡಿನವರು ರೋಗಿಗಳ ಮಲಪಾತ್ರೆಯ ಆಕಾರದ ಪಿಂಗಾಣಿ ಪಾತ್ರೆಗಳನ್ನು ನೂರಾರು ಸಂಖ್ಯೆಯಲ್ಲಿ ಮಾಡಿಸಿ, ಅವುಗಳಲ್ಲಿ ಬೂಷ್ಟು ಬೆಳೆಸಿದರು. ಬೇರ್ಪಡಿಸುವ ಉಪಾಯ ಹೀಟ್ಲಿಯವರದು: ತಣ್ಣಗಿನ ರಸಕ್ಕೆ ಆಮ್ಲ ಬೆರೆಸಿದರೆ ಪೆನಿಸಿಲಿನ್ ಈಥರಿಗೆ ಸೇರಿಕೊಳ್ಳುತ್ತದೆ, ಆ ಈಥರನ್ನು ಆಮ್ಲವಿಲ್ಲದ ನೀರಿನೊಂದಿಗೆ ಬೆರೆಸಿದರೆ ಕಲ್ಮಶಗಳನ್ನು ಹಿಂದೆ ಬಿಟ್ಟು ನೀರಿಗೆ ಮರಳುತ್ತದೆ.

1941ರ ಜುಲೈನಲ್ಲಿ ಫ್ಲೋರಿ ಮತ್ತು ಹೀಟ್ಲಿ ಅಮೆರಿಕಕ್ಕೆ ಹೋದರು. ಇಲಿನಾಯ್ ರಾಜ್ಯದ ಪಿಯೋರಿಯಾ ಜೋಳದ ಸೀಮೆ. ಅಲ್ಲಿನ ಸರ್ಕಾರಿ ಕೃಷಿ ಪ್ರಯೋಗಾಲಯದಲ್ಲಿ, ಮೆಕ್ಕೆಜೋಳದಿಂದ ಪಿಷ್ಟ ತೆಗೆಯುವಾಗ ಉಳಿಯುವ ನೆನೆನೀರಿಗೆ ಬೇರೆ ಉಪಯೋಗ ಹುಡುಕುತ್ತಿದ್ದರು. ಅದನ್ನು ಬೂಷ್ಟಿಗೆ ಉಣಿಸಿದಾಗ ಇಳುವರಿ ಹಲವು ಪಟ್ಟು ಏರಿತು. ಜೊತೆಗೆ ಇನ್ನೂ ಒಳ್ಳೆಯ ತಳಿಗಾಗಿ ಹುಡುಕಾಟ ನಡೆಯಿತು. ದೂರದೂರದಿಂದ ಮಣ್ಣು ತರಿಸಿದರೂ ಗೆದ್ದದ್ದು 1943ರಲ್ಲಿ ಅದೇ ಊರಿನಲ್ಲಿ ಸಿಕ್ಕ, ಬೂಷ್ಟು ಹಿಡಿದ ಒಂದು ಕರಬೂಜ. ಅದರ ಪೆನಿಸಿಲಿಯಂ ತಳಿ ದ್ರವದೊಳಗೆ ಮುಳುಗಿಯೂ ಚೆನ್ನಾಗಿ ಬೆಳೆಯುತ್ತಿತ್ತು. ಎಕ್ಸ್-ಕಿರಣ ಮತ್ತು ಅತಿನೇರಳೆ ಕಿರಣ ಹಾಯಿಸಿ ಅದರಿಂದ ಇನ್ನೂ ಹೆಚ್ಚು ಇಳುವರಿಯ ತಳಿಗಳನ್ನು ಪಡೆದರು. ಬೂಷ್ಟಿನಿಂದ ಸಿಟ್ರಿಕ್ ಆಮ್ಲ ತಯಾರಿಸಿ ಅನುಭವವಿದ್ದ ಫೈಜರ್ ಕಂಪನಿ 1944ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಹಳೆಯ ಮಂಜುಗಡ್ಡೆ ಕಾರ್ಖಾನೆಯೊಳಗೆ, ತಲಾ ಸುಮಾರು 28,000 ಲೀಟರಿನ 14 ತೊಟ್ಟಿಗಳನ್ನು ಚಾಲೂ ಮಾಡಿತು. ಅದೇ ಜೂನ್‌ನಲ್ಲಿ ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿಯುವ ಹೊತ್ತಿಗೆ ಗಾಯಾಳು ಸೈನಿಕರಿಗೆ ಬೇಕಾದಷ್ಟು ಪೆನಿಸಿಲಿನ್ ಸಿದ್ಧವಾಗಿತ್ತು.

ಇಂದಿನ ಕಾರ್ಖಾನೆಯಲ್ಲಿ ಏನು ನಡೆಯುತ್ತದೆ?

ತತ್ತ್ವ ಅದೇ, ಗಾತ್ರ ಬೇರೆ. ಲಕ್ಷ ಲೀಟರ್ ಮೀರಿದ ಉಕ್ಕಿನ ತೊಟ್ಟಿಗಳಲ್ಲಿ, 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೂಷ್ಟನ್ನು ಬೆಳೆಸುತ್ತಾರೆ. ಶುದ್ಧೀಕರಿಸಿದ ಗಾಳಿಯನ್ನು ಕೆಳಗಿನಿಂದ ಬಿಡದೆ ನುಗ್ಗಿಸುತ್ತಾರೆ. ಸಕ್ಕರೆಯನ್ನು ಒಮ್ಮೆಗೇ ಸುರಿಯುವುದಿಲ್ಲ. ಹೊಟ್ಟೆ ತುಂಬಿದ ಬೂಷ್ಟು ದಪ್ಪಗಾಗುತ್ತದೆಯೇ ಹೊರತು ಪೆನಿಸಿಲಿನ್ ಕೊಡುವುದಿಲ್ಲ; ಆದ್ದರಿಂದ ಅರೆಹೊಟ್ಟೆಯಲ್ಲಿ ಇರುವಷ್ಟೇ ಹನಿಹನಿಯಾಗಿ ಉಣಿಸುತ್ತಾರೆ. ಕೆಲವು ದಿನಗಳ ನಂತರ ಸೋಸಿ, ತಂಪು ಮಾಡಿ, ಆಮ್ಲ ಬೆರೆಸಿ ದ್ರಾವಕಕ್ಕೆ ಇಳಿಸಿ ಹರಳುಗಟ್ಟಿಸುತ್ತಾರೆ. ಹೀಟ್ಲಿಯವರ ಉಪಾಯ ಇಂದಿಗೂ ಜೀವಂತ. ಈಗ ಒಂದು ಲೀಟರಿಗೆ ಹತ್ತಾರು ಗ್ರಾಂ ಪೆನಿಸಿಲಿನ್ ಸಿಗುತ್ತದೆ.

ಆ ಪೆನಿಸಿಲಿನ್‌ನ ಬದಿಯ ಸರಪಳಿಯನ್ನು ಕಿಣ್ವದಿಂದ ಕತ್ತರಿಸಿ ಬೇರೆ ಸರಪಳಿ ಜೋಡಿಸಿದರೆ ಆಂಪಿಸಿಲಿನ್, ಅಮಾಕ್ಸಿಸಿಲಿನ್. ಅರ್ಧ ಬೂಷ್ಟಿನ ಕೆಲಸ, ಅರ್ಧ ರಸಾಯನಶಾಸ್ತ್ರಜ್ಞರ ಕೆಲಸ.

ಬೂಷ್ಟು ಹಿಡಿದ ಬ್ರೆಡ್ ಗಾಯಕ್ಕೆ ಕಟ್ಟಬಹುದೇ?

ಬೇಡ. ಯಾವ ಬೂಷ್ಟು ಎಂದು ಕಣ್ಣಿನಿಂದ ಹೇಳಲಾಗದು. ಕೆಲವು ಬೂಷ್ಟುಗಳು ಯಕೃತ್ತನ್ನು ಕೆಡಿಸುವ ವಿಷ ತಯಾರಿಸುತ್ತವೆ. ನೆಲಗಡಲೆಗೆ ತಗಲುವ ಆಸ್ಪರ್ಜಿಲಸ್‌ನ ಅಫ್ಲಾಟಾಕ್ಸಿನ್ ಅಂಥದ್ದು.

ಕ್ಷಯರೋಗಕ್ಕೆ ಔಷಧ ಸಿಕ್ಕಿದ್ದು ಯಾವಾಗ?

ಪೆನಿಸಿಲಿನ್ ಕ್ಷಯಕ್ಕೆ ಬಾಗಲಿಲ್ಲ. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ವಾಕ್ಸ್‌ಮನ್ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಆಲ್ಬರ್ಟ್ ಶಾಟ್ಸ್ ಎಂಬ ವಿದ್ಯಾರ್ಥಿ, ಸ್ಟ್ರೆಪ್ಟೊಮೈಸಿಸ್ ಗ್ರಿಸಿಯಸ್‌ನಿಂದ ಸ್ಟ್ರೆಪ್ಟೊಮೈಸಿನ್ ಪಡೆದರು. ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಕ್ಷಯದ ಜೀವಂತ ಬ್ಯಾಕ್ಟೀರಿಯಾದೊಂದಿಗೆ ಕೆಲಸ ಮಾಡಿದವರು ಅವರು. 1952ರ ನೊಬೆಲ್ ಮಾತ್ರ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ಶಾಟ್ಸ್ ಅದಕ್ಕೂ ಮೊದಲೇ ನ್ಯಾಯಾಲಯಕ್ಕೆ ಹೋಗಿ ಸಹಸಂಶೋಧಕನೆಂಬ ಮಾನ್ಯತೆ ಪಡೆದಿದ್ದರು. ನೊಬೆಲ್ ಸಮಿತಿ ಅವರನ್ನು ಬಿಟ್ಟದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ರೋಗಿಗಳು ಮೊದಲು ಚೇತರಿಸಿಕೊಂಡು, ಕೆಲವು ತಿಂಗಳಲ್ಲಿ ಮತ್ತೆ ಹಾಸಿಗೆ ಹಿಡಿದರು; ಬ್ಯಾಕ್ಟೀರಿಯಾ ಅದನ್ನು ಮೀರಿತ್ತು. ಕ್ಷಯಕ್ಕೆ ಇಂದಿಗೂ ಹಲವು ಔಷಧಗಳನ್ನು ಒಟ್ಟಿಗೇ ಕೊಡುವುದು ಆ ಅನುಭವದಿಂದ.

ಇದರಲ್ಲಿ ಭಾರತೀಯರ ಪಾತ್ರವೇನು?

ಟೆಟ್ರಾಸೈಕ್ಲಿನ್ ವರ್ಗದ ಮೊದಲ ಔಷಧವಾದ ಆರಿಯೋಮೈಸಿನ್, ಮಿಸೌರಿಯ ಒಂದು ಹೊಲದ ಮಣ್ಣಿನಿಂದ 1940ರ ದಶಕದ ಕೊನೆಯಲ್ಲಿ ಬಂತು. ಅದನ್ನು ಕಂಡವರು ಎಪ್ಪತ್ತು ದಾಟಿದ್ದ ಬೆಂಜಮಿನ್ ಡಗ್ಗರ್. ಅವರು ದುಡಿಯುತ್ತಿದ್ದ ಲೆಡರ್ಲೆ ಸಂಸ್ಥೆಯ ಸಂಶೋಧನಾ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಸ್ವತಂತ್ರ ಭಾರತ 1954ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನೊಂದಿಗೆ, ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆ ಕಟ್ಟಿತು. ಅಲ್ಲಿ ಸಂಶೋಧನೆಯ ಹೊಣೆ ಹೊತ್ತವರು ಮೈಸೂರು ಸೀಮೆಯ ಎಂ. ಜೆ. ತಿರುಮಲಾಚಾರ್. ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂಬ ಜೀವಿಯಿಂದ ಅವರ ತಂಡ ಪಡೆದ ಹ್ಯಾಮೈಸಿನ್ ಶಿಲೀಂಧ್ರ ಸೋಂಕುಗಳಿಗೆ ಔಷಧವಾಯಿತು. ಬೆಳೆರೋಗಗಳಿಗಾಗಿ ಆರಿಯೋಫಂಗಿನ್ ಬಂತು. ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಸಂಸ್ಥೆ 1981ರಲ್ಲಿ ಆರಂಭವಾದದ್ದು ಪಿಂಪ್ರಿಯ ಇದೇ ಸಂಸ್ಥೆಯ ಸಹಯೋಗದಲ್ಲಿ. ತಿರುಮಲಾಚಾರ್ ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣದಿರುವುದು ನನಗೆ ನೋವಿನ ಸಂಗತಿ.

ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಂದು ನಮ್ಮನ್ನು ಬಿಡುವುದು ಹೇಗೆ?

ಬ್ಯಾಕ್ಟೀರಿಯಾದಲ್ಲಿದ್ದು ನಮ್ಮಲ್ಲಿಲ್ಲದ, ಅಥವಾ ಇದ್ದರೂ ಬೇರೆ ರೂಪದಲ್ಲಿರುವ ಭಾಗಗಳಿಗೆ ಮಾತ್ರ ಅದು ಹೋಗಿ ಅಂಟುತ್ತದೆ. ಬ್ಯಾಕ್ಟೀರಿಯಾದ ಸುತ್ತ ಪೆಪ್ಟಿಡೊಗ್ಲೈಕನ್‌ನ ಗಟ್ಟಿ ಬಲೆಯಿದೆ; ಅದರ ಎಳೆಗಳನ್ನು ಅಡ್ಡಡ್ಡ ಹೆಣೆಯಲು ಒಂದು ಕಿಣ್ವವಿದೆ. ಪೆನಿಸಿಲಿನ್‌ನ ನಾಲ್ಕು ಪರಮಾಣುಗಳ ಉಂಗುರ ಬಿಗಿದ ಸ್ಪ್ರಿಂಗಿನಂತೆ. ಕಿಣ್ವ ಮುಟ್ಟಿದೊಡನೆ ಸಿಡಿದು ಬಿಚ್ಚಿಕೊಂಡು, ಅದಕ್ಕೇ ಕಚ್ಚಿಕೊಂಡುಬಿಡುತ್ತದೆ. ಹೆಣಿಗೆ ನಿಲ್ಲುತ್ತದೆ. ಬೆಳೆಯುತ್ತಿರುವ ಬ್ಯಾಕ್ಟೀರಿಯಾದ ಗೋಡೆ ಸಡಿಲವಾಗಿ, ಹೊರಗಿನ ನೀರು ನುಗ್ಗಿ, ಅದು ಒಡೆಯುತ್ತದೆ. ನಮ್ಮ ಜೀವಕೋಶಗಳಿಗೆ ಆ ಬಲೆಯೇ ಇಲ್ಲ. ಹಾಗಾಗಿ ಅಲರ್ಜಿ ಇಲ್ಲದವರಿಗೆ ಪೆನಿಸಿಲಿನ್ ಅಷ್ಟು ನಿರುಪದ್ರವಿ. ಆ ಉಂಗುರವನ್ನು 1945ರಲ್ಲಿ ಎಕ್ಸ್-ಕಿರಣಗಳ ಸಹಾಯದಿಂದ ಖಚಿತಪಡಿಸಿದವರು ಡೊರೊತಿ ಹಾಜ್‌ಕಿನ್.

ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಎರಿಥ್ರೊಮೈಸಿನ್‌ಗಳು ಪ್ರೋಟೀನ್ ಕಟ್ಟುವ ರೈಬೊಸೋಮ್‌ಗಳನ್ನು ಹಿಡಿಯುತ್ತವೆ. ಬ್ಯಾಕ್ಟೀರಿಯಾದ ರೈಬೊಸೋಮ್ ನಮ್ಮದಕ್ಕಿಂತ ಬೇರೆ. ಆದರೆ ನಮ್ಮ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳ ರೈಬೊಸೋಮ್ ಅದನ್ನು ಹೋಲುತ್ತದೆ. ಸ್ಟ್ರೆಪ್ಟೊಮೈಸಿನ್‌ನಿಂದ ಕೆಲವರ ಕಿವಿ ಮಂದವಾಗಲು ಇದೂ ಒಂದು ಕಾರಣ. ರಿಫಾಂಪಿಸಿನ್ ಆರ್‌ಎನ್‌ಎ ತಯಾರಿಸುವ ಕಿಣ್ವವನ್ನು ತಡೆಯುತ್ತದೆ, ಕೊಲಿಸ್ಟಿನ್ ಪೊರೆಯನ್ನೇ ಹರಿಯುತ್ತದೆ.

ವೈರಸ್‌ಗೆ ಗೋಡೆಯೂ ಇಲ್ಲ, ಸ್ವಂತ ರೈಬೊಸೋಮೂ ಇಲ್ಲ. ನೆಗಡಿಗೆ ಆಂಟಿಬಯೋಟಿಕ್ ನುಂಗಿದರೆ ಅದು ಹುಡುಕುವ ಗುರಿಯೇ ಅಲ್ಲಿ ಇರುವುದಿಲ್ಲ.

ನಿರೋಧಕತೆ ನಮ್ಮ ತಪ್ಪಿನಿಂದ ಹುಟ್ಟಿತೇ?

ಹುಟ್ಟಿದ್ದು ಬಹಳ ಹಿಂದೆ. ಕೆನಡಾದ ಯೂಕಾನ್‌ನಲ್ಲಿ 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲೂ ನಿರೋಧಕ ಜೀನ್‌ಗಳು ಸಿಕ್ಕಿವೆ. ಪೆನಿಸಿಲಿನ್ ಒಡೆಯುವ ಕಿಣ್ವವನ್ನು ಆಕ್ಸ್‌ಫರ್ಡಿನ ತಂಡ 1940ರಲ್ಲೇ, ಅಂದರೆ ಮೊದಲ ರೋಗಿಗೆ ಔಷಧ ಕೊಡುವ ಮುನ್ನವೇ ವರದಿ ಮಾಡಿತ್ತು. ನಾವು ಮಾಡಿದ ತಪ್ಪು, ಆ ಜೀನ್‌ಗಳಿಗೆ ಹಬ್ಬಲು ದಾರಿ ಮಾಡಿಕೊಟ್ಟದ್ದು. ಕಡಿಮೆ ಪ್ರಮಾಣದ ಔಷಧ ಬ್ಯಾಕ್ಟೀರಿಯಾವನ್ನು ಪಳಗಿಸುತ್ತದೆ ಎಂದು ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು.

ನಮ್ಮ ದೇಶದಲ್ಲಿ 2014ರಿಂದ ಹಲವು ಪ್ರಬಲ ಆಂಟಿಬಯೋಟಿಕ್‌ಗಳು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ಕಳೆದ ಸಲ ಉಳಿದ ಮಾತ್ರೆಯನ್ನು ಈ ಸಲದ ಜ್ವರಕ್ಕೆ ನುಂಗಬೇಡಿ, ಪಕ್ಕದ ಮನೆಯವರಿಗೆ ಕೊಡಲೂಬೇಡಿ. ಎಷ್ಟು ದಿನ ಎಂದು ವೈದ್ಯರು ಬರೆದಿದ್ದಾರೋ ಅಷ್ಟು ದಿನ ತೆಗೆದುಕೊಳ್ಳಿ. ನಡುವೆ ನಿಲ್ಲಿಸಬೇಕೆನಿಸಿದರೆ ಅವರನ್ನೇ ಕೇಳಿ.

ದಾಳಿಂಬೆ ತೋಟಕ್ಕೆ ಸಿಂಪಡಿಸುತ್ತಿದ್ದುದೂ ಇದೇ ಔಷಧವೇ?

ಹೌದು. ದುಂಡಾಣು ಅಂಗಮಾರಿ ರೋಗಕ್ಕೆ ಉತ್ತರ ಕರ್ನಾಟಕದ ದಾಳಿಂಬೆ ಬೆಳೆಗಾರರು ಬಳಸುತ್ತಿದ್ದ ಪುಡಿಯಲ್ಲಿ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಇದ್ದವು. ಕೃಷಿಯಲ್ಲಿ ಅವುಗಳ ಬಳಕೆಯನ್ನು ಕೇಂದ್ರ ಸರ್ಕಾರ 2024ರ ಜನವರಿಯಿಂದ ನಿಷೇಧಿಸಿದೆ. ಕೈಗೆ ಬಂದ ಬೆಳೆ ಕಪ್ಪು ಚುಕ್ಕೆ ಬಿದ್ದು ಸೀಳುವುದನ್ನು ನೋಡುವ ರೈತರ ಸಂಕಟ ಸಣ್ಣದಲ್ಲ. ಅವರಿಗೆ ಬದಲಿ ದಾರಿ ತೋರಿಸುವುದು ಕೃಷಿ ವಿಶ್ವವಿದ್ಯಾಲಯಗಳ ಹೊಣೆ. ಆದರೂ ಕ್ಷಯರೋಗಿಯ ಔಷಧವನ್ನು ತೋಟಕ್ಕೆ ಸುರಿಯುವುದು ನಿಲ್ಲಲೇಬೇಕಿತ್ತು.

ಹೊಸ ಆಂಟಿಬಯೋಟಿಕ್‌ಗಳು ಏಕೆ ಬರುತ್ತಿಲ್ಲ?

ಮಣ್ಣಿನಲ್ಲಿ ಹುಡುಕಿದಾಗಲೆಲ್ಲ ಹಳೆಯವೇ ಮತ್ತೆ ಮತ್ತೆ ಸಿಗತೊಡಗಿದವು. ವಾರಗಟ್ಟಲೆ ಮಾತ್ರ ಬಳಸುವ ಔಷಧದಲ್ಲಿ ಕಂಪನಿಗಳಿಗೆ ಲಾಭವೂ ಕಡಿಮೆ. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ನಮ್ಮ ತಟ್ಟೆಗಳಲ್ಲಿ ಬೆಳೆಯುವುದೇ ಇಲ್ಲ. ಅವುಗಳನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಸೆರೆಹಿಡಿದು ಮಣ್ಣಿನಲ್ಲೇ ಹೂತು ಬೆಳೆಸುವ ಉಪಾಯದಿಂದ ಅಮೆರಿಕದ ವಿಜ್ಞಾನಿಗಳು ಟೀಕ್ಸೊಬ್ಯಾಕ್ಟಿನ್ ಪಡೆದು 2015ರಲ್ಲಿ ವರದಿ ಮಾಡಿದರು. ಮಣ್ಣು ಇನ್ನೂ ಬರಿದಾಗಿಲ್ಲ ಎಂದು ನಾನು ನಂಬಿದ್ದೇನೆ.

ನಮ್ಮ ಕಾಲೇಜಿನಲ್ಲೇ ಮಣ್ಣಿನಿಂದ ಹುಡುಕಬಹುದೇ?

ಖಂಡಿತ, ಉಪನ್ಯಾಸಕರ ಎದುರಿನಲ್ಲಿ. ಹತ್ತು ಸೆಂಟಿಮೀಟರ್ ಆಳದ ಮಣ್ಣನ್ನು ಕೆಲವು ದಿನ ನೆರಳಿನಲ್ಲಿ ಒಣಗಿಸಿ. ಅವಸರದಲ್ಲಿ ಬೆಳೆಯುವ ಬೇರೆ ಬ್ಯಾಕ್ಟೀರಿಯಾಗಳು ಕಡಿಮೆಯಾಗುತ್ತವೆ. ಒಂದು ಗ್ರಾಂ ಮಣ್ಣನ್ನು ಒಂಬತ್ತು ಮಿಲಿಲೀಟರ್ ಶುದ್ಧೀಕರಿಸಿದ ನೀರಿಗೆ ಹಾಕಿ, ಹತ್ತರ ಲೆಕ್ಕದಲ್ಲಿ ನಾಲ್ಕೈದು ಸಲ ತೆಳುಮಾಡಿ, ಸ್ಟಾರ್ಚ್ ಕೇಸಿನ್ ಅಗರ್ ಎಂಬ ಪೋಷಕ ಮಾಧ್ಯಮದ ತಟ್ಟೆಯ ಮೇಲೆ ಹರಡಿ. 28 ಡಿಗ್ರಿಯಲ್ಲಿ ವಾರ ಕಾಯಬೇಕು. ಮೊದಲ ಎರಡು ದಿನ ಲೋಳೆಯಂತೆ ಹರಡುವವುಗಳನ್ನು ಬಿಟ್ಟುಬಿಡಿ. ಆಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದಂಥ ಬಿಳಿ, ಬೂದು ಚುಕ್ಕೆಗಳು ಏಳುತ್ತವೆ. ತಂತಿಯಿಂದ ಎತ್ತಲು ಹೋದರೆ ಸುಲಭವಾಗಿ ಬರುವುದಿಲ್ಲ, ಅಗರ್‌ಗೆ ಬೇರು ಬಿಟ್ಟಂತೆ ಕಚ್ಚಿಕೊಂಡಿರುತ್ತವೆ. ಸ್ಟ್ರೆಪ್ಟೊಮೈಸಿಸ್‌ನ ಗುರುತು ಅದೇ.

ಅದನ್ನು ಹೊಸ ತಟ್ಟೆಯ ನಡುವೆ ಒಂದು ಗೆರೆಯಾಗಿ ಎಳೆದು, ಐದಾರು ದಿನ ಬೆಳೆಯಲು ಬಿಟ್ಟು, ನಂತರ ಅದರ ಕಡೆಗೆ ಅಡ್ಡವಾಗಿ ಬ್ಯಾಸಿಲಸ್ ಸಬ್ಟಿಲಿಸ್‌ನಂಥ ನಿರುಪದ್ರವಿಯ ಗೆರೆ ಎಳೆಯಿರಿ. ಮರುದಿನ ಆ ಗೆರೆ ನಡುಗೆರೆಯನ್ನು ಮುಟ್ಟದೆ ದೂರದಲ್ಲೇ ನಿಂತಿದ್ದರೆ ಏನೋ ಸಿಕ್ಕಿದೆ ಎಂದರ್ಥ. ಬಹುಶಃ ಹಳೆಯದೇ, ಆದರೂ ನಿಮ್ಮ ಕೈಯಿಂದ ಸಿಕ್ಕಿದ್ದು. ರೋಗಕಾರಕ ಬ್ಯಾಕ್ಟೀರಿಯಾಗಳನ್ನು ಈ ಪ್ರಯೋಗಕ್ಕೆ ಬಳಸಬೇಡಿ. ಮಣ್ಣು ತಂದ ಜಾಗ ಮತ್ತು ದಿನಾಂಕವನ್ನು ತಟ್ಟೆಯ ತಳಭಾಗದಲ್ಲಿ ಬರೆಯಿರಿ, ಮುಚ್ಚಳದ ಮೇಲೆ ಅಲ್ಲ, ಮುಚ್ಚಳಗಳು ಅದಲುಬದಲಾಗುತ್ತವೆ. ಕೆಲಸ ಮುಗಿದ ಮೇಲೆ ಎಲ್ಲ ತಟ್ಟೆಗಳನ್ನೂ ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪಾತ್ರೆ) 121 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಟ್ಟ ನಂತರವೇ ಬಿಸಾಡಿ.